ಬೆಟ್ಟದಂಚಿನ ಬಿಳಿ ಗೆರೆ

ಸ್ಟುಡಿಯೊದಲ್ಲಿ ಅವನನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಬೇರೆಯವರಿಗೆ ಕಾಣದ್ದು ಅವನಿಗೆ ಕಾಣುತ್ತಿತ್ತು, ಕಂಡದ್ದನ್ನು ಸುಮ್ಮನೆ ಬಿಡುವ ಜಾಯಮಾನವೂ ಅವನದಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೇಲಿನ ಫೋಟೋದ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿ, ತುಟಿ ಸೊಟ್ಟಗೆ ಮಾಡಿ, ಆಮೇಲೆ ಮನೆಯವರ ಯೋಗಕ್ಷೇಮ ವಿಚಾರಿಸುತ್ತಿದ್ದ. ಹೀಗಾಗಿ ಅವನನ್ನು ಎರಡನೇ ಸಲ ಮನೆಗೆ ಕರೆದವರು ಕಡಿಮೆ.

ಅವನ ಕೆಲಸ ಫೋಟೋ ತಿದ್ದುವುದು. ಅದರಲ್ಲೂ ಬೆಟ್ಟ, ಕಡಲು, ಬಯಲು ಇಂಥವು. ಫೋಟೋಗ್ರಾಫರ್ ತೆಗೆದು ತಂದ ಚಿತ್ರದಲ್ಲಿ ಆಕಾಶ ಯಾವಾಗಲೂ ಕಾಯಿಲೆ ಬಿದ್ದವರ ಮುಖದ ಹಾಗೆ ಬಿಳಿಚಿಕೊಂಡಿರುತ್ತದೆ. ಗಿರಾಕಿಗೆ ಅದು ಕಡುನೀಲಿಯಾಗಬೇಕು. ಅದಕ್ಕೆ ಬೆಟ್ಟಕ್ಕೊಂದು ಹೊದಿಕೆ ಹೊದಿಸಿ ಆಕಾಶಕ್ಕೆ ಮಾತ್ರ ಬಣ್ಣ ಏರಿಸಬೇಕು. ಆ ಹೊದಿಕೆಗೆ ಅವರ ಕಸುಬಿನಲ್ಲಿ ಮಾಸ್ಕ್ ಎನ್ನುತ್ತಾರೆ. ಮಾಸ್ಕ್ ಬೆಟ್ಟದ ಅಂಚಿನಿಂದ ಕೂದಲೆಳೆಯಷ್ಟು ಆಚೆ ಸರಿದರೂ ಸಾಕು, ಅಲ್ಲಿ ಬಣ್ಣ ತಾಗದೆ ಬೆಟ್ಟದ ಉದ್ದಕ್ಕೂ ಒಂದು ಬಿಳಿ ಗೆರೆ ಉಳಿದುಬಿಡುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಅದು ಕಾಣುವುದಿಲ್ಲ. ಉಳಿದ ಒಬ್ಬ ಇವನು. ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಂಡು, ಮಾಸ್ಕಿನ ಅಂಚನ್ನು ಒಂದೊಂದೇ ಚುಕ್ಕಿಯಷ್ಟು ಒಳಕ್ಕೆ ತಳ್ಳುತ್ತಿದ್ದ. ತಳ್ಳಿದರೂ ಬಗ್ಗದ ಕಡೆ ಪಕ್ಕದ ಆಕಾಶದಿಂದ ಬಣ್ಣ ಎತ್ತಿಕೊಂಡು ಸಣ್ಣ ಮೆತ್ತನೆಯ ಬ್ರಶ್ಶಿನಿಂದ ಗೆರೆಯನ್ನು ಮುಚ್ಚುತ್ತಿದ್ದ. ಒಂದು ಬೆಟ್ಟಕ್ಕೆ ಒಂದು ದಿನ ಹಿಡಿಯುತ್ತಿತ್ತು. "ಸಾಕು ಬಿಡಪ್ಪಾ, ಬೆಟ್ಟ ಹುಟ್ಟೋದಕ್ಕೇ ಇಷ್ಟು ಹೊತ್ತು ಹಿಡಿದಿರಲ್ಲ" ಎಂದು ಸ್ಟುಡಿಯೊ ಮಾಲೀಕರು ಗೊಣಗುತ್ತಿದ್ದರು.

ಇಂಥವನಿಗೆ ಬಾಳಿನಲ್ಲಿ ಒಂದೇ ಒಂದು ಕೊರಗು: ಮಾವ. ಹೆಂಡತಿಯ ತಂದೆ ನೀರು ಸರಬರಾಜು ಇಲಾಖೆಯ ಕೆಲಸಗಾರರು. ಊರಾಚೆಯ ಬೆಟ್ಟದ ಮೇಲಿನ ಟ್ಯಾಂಕಿನ ಹತ್ತಿರ ಏನನ್ನೋ ನೋಡಿಕೊಳ್ಳುತ್ತಾರೆ ಎಂಬಷ್ಟು ಅವನಿಗೆ ಗೊತ್ತಿತ್ತು. ಮದುವೆಯಾಗಿ ಎಂಟು ವರ್ಷವಾದರೂ ಆ ಏನೋ ಏನೆಂದು ಅವನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮಾವನದು ಮಾತನ್ನು ಉಪ್ಪಿನ ಹಾಗೆ ಚಿಟಿಕೆಯಲ್ಲಿ ಬಳಸುವ ಸ್ವಭಾವ.

ಅವರು ಒಂದೇ ಒಂದು ಸಲ ಸ್ಟುಡಿಯೊಗೆ ಬಂದಿದ್ದರು. ಮಗಳಿಗೆ ಕೊಡಬೇಕಾದ ಚೀಲವೊಂದನ್ನು ಅಳಿಯನ ಕೈಗೆ ಕೊಟ್ಟು, ಹಿಂದಿನ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ಅವನು ಗೆರೆ ಅಳಿಸುವುದನ್ನು ನೋಡಿದರು. ಆಮೇಲೆ ಎದ್ದು ನಿಂತು ಕೇಳಿದರು:

"ಇದರಲ್ಲಿ ಕೆಲಸ ಯಾವುದು?"

ಹಂಗಿಸಲು ಕೇಳಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅವರು ನಿಜಕ್ಕೂ ಗೊತ್ತಾಗದೆ ಕೇಳಿದ್ದರು. ಅಂದಿನಿಂದ ಯಾರಾದರೂ ಎದುರಾದರೆ, "ನಮ್ಮ ಅಳಿಯ. ಕಂಪ್ಯೂಟರ್ ಮುಂದೆ ಕೂರ್ತಾರೆ" ಎಂದು ಪರಿಚಯಿಸುತ್ತಿದ್ದರು. ಫ್ಯಾನಿನ ಕೆಳಗೆ ಕೂರುತ್ತಾರೆ ಎಂದಷ್ಟೇ ಸಲೀಸಾಗಿ.

ಮಾವನ ನಿವೃತ್ತಿಗೆ ಹದಿನೈದು ದಿನ ಇರುವಾಗ ಇಲಾಖೆಯ ಎಂಜಿನಿಯರ್ ಸ್ಟುಡಿಯೊಗೆ ಬಂದರು. ಬೀಳ್ಕೊಡುಗೆಗೆ ಬೆಟ್ಟದ ಒಂದು ದೊಡ್ಡ ಫೋಟೋ ಬೇಕು, ಐದಡಿ ಅಗಲ, ಗಾಜು ಹಾಕಿದ ಫ್ರೇಮು. ಮಾಲೀಕರು ಭೂತಗನ್ನಡಿಯ ಕಡೆ ನೋಡಿ ನಕ್ಕರು. "ನಿಮ್ಮ ಮಾವನವರದ್ದು. ಈ ಸಲ ಎಷ್ಟು ದಿನ ಬೇಕಾದ್ರೂ ತಗೋ, ನಾನು ಬಾಯಿ ಬಿಡಲ್ಲ."

ಅವನಿಗೆ ಸ್ವರ್ಗ ಮೂರೇ ಗೇಣು. ಕೆಲಸ ಯಾವುದು ಎಂದು ಕೇಳಿದ್ದಿರಲ್ಲ, ತೋರಿಸುತ್ತೇನೆ ತಾಳಿ ಎಂದುಕೊಂಡ. ಹೆಂಡತಿಗೂ ಹೇಳಲಿಲ್ಲ, ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದು ಅವನ ಅನುಭವ. ಊರಿನಿಂದ ನೋಡಿದರೆ ಬೆಟ್ಟ ಬೋಳುಬೋಳಾಗಿ ಕಾಣುತ್ತದೆಂದು ಫೋಟೋಗ್ರಾಫರ್ ಊರಾಚೆ ಸುತ್ತಿಕೊಂಡು ಹೋಗಿ, ಬೆಟ್ಟದ ಬೆನ್ನಿನ ಕಡೆಯಿಂದ ಚಿತ್ರ ತೆಗೆದು ತಂದ. ಎಡತುದಿಯಲ್ಲಿ ಟ್ಯಾಂಕು, ನಡುವೆ ಒಂದು ಹೆಬ್ಬಂಡೆ, ಬಲಕ್ಕೆ ಒಂಟಿ ಮರ. ಆಕಾಶಕ್ಕೆ ನೀಲಿ ಏರಿಸಿ ನೋಡಿದರೆ, ಆ ಮೂರನ್ನೂ ಪೋಣಿಸಿಕೊಂಡು ಹೋಗುವ, ಕೂದಲಿನಷ್ಟು ತೆಳ್ಳಗಿನ ಬಿಳಿ ಗೆರೆ.

ಭೂತಗನ್ನಡಿ ಅದನ್ನು ಕಂಡ ಕೂಡಲೇ ಅಂಗಿಯ ತೋಳು ಮಡಚಿದ.

ಗೆರೆ ಹಟಮಾರಿಯಾಗಿತ್ತು. ಮಾಸ್ಕಿನ ಅಂಚನ್ನು ಎಷ್ಟು ತಳ್ಳಿದರೂ ಹೋಗಲಿಲ್ಲ. ಬೇರೆ ಗೆರೆಗಳು ಮೆತ್ತಗೆ ಮಸುಕಾಗಿ ಇರುತ್ತವೆ; ಇದು ಗಟ್ಟಿಯಾಗಿತ್ತು. ಬಂಡೆಯ ಹತ್ತಿರ ಬಂದಾಗ ಅದರ ನೆತ್ತಿಯ ಮೇಲೆ ಹತ್ತಬೇಕಾದ ಗೆರೆ ಹತ್ತದೆ, ಹಿಂದೆ ಅಡಗಿಕೊಂಡು ಆಚೆ ಬದಿಯಲ್ಲಿ ಹೊರಬಂತು. ಬುದ್ಧಿಯಿದ್ದವನು ಅಲ್ಲಿಗೆ ಕೈ ನಿಲ್ಲಿಸುತ್ತಿದ್ದ. ಇವನು ಬುದ್ಧಿಯನ್ನೆಲ್ಲ ಬ್ರಶ್ಶಿಗೆ ಕೊಟ್ಟಿದ್ದ. ಮೂರು ದಿನ ಕಣ್ಣಲ್ಲಿ ಕಣ್ಣಿಟ್ಟು ಕೂತು, ಟ್ಯಾಂಕಿನಿಂದ ಮರದಾಚೆಯವರೆಗೆ ಒಂದು ಚುಕ್ಕಿಯನ್ನೂ ಬಿಡದೆ ಅಳಿಸಿದ. ನಾಲ್ಕನೇ ದಿನ ಮಾಲೀಕರನ್ನು ಕರೆದು ತೋರಿಸಿದ.

"ಸಾರ್, ನನ್ನ ಸರ್ವೀಸಲ್ಲೇ ಇಂಥ ಗೆರೆ ನೋಡಿರ್ಲಿಲ್ಲ."

"ಯಾವ ಗೆರೆ?" ಎಂದರು ಮಾಲೀಕರು.

"ಅದೇ ಸಾರ್! ಈಗ ಇಲ್ಲ!" ಎಂದು ಅವನು ಹಿಗ್ಗಿದ.

ಬೀಳ್ಕೊಡುಗೆ ಇಲಾಖೆಯ ಮೀಟಿಂಗ್ ಹಾಲಿನಲ್ಲಿ ನಡೆಯಿತು. ಪ್ಲಾಸ್ಟಿಕ್ ಕುರ್ಚಿ, ತಲೆಗೆರಡು ಬಿಸ್ಕತ್ತು, ಆಗಾಗ ಕೀಚೆನ್ನುವ ಮೈಕು. ಎಂಜಿನಿಯರ್ ಮಾವನ ನಿಷ್ಠೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಆ ನಿಷ್ಠೆ ಯಾವುದರ ಮೇಲೆಂದು ಹೇಳಲು ಮರೆತರು. ಆಮೇಲೆ ಫೋಟೋದ ಮೇಲಿನ ಬಟ್ಟೆ ಸರಿಸಿದರು. ಚಪ್ಪಾಳೆ ಬಿತ್ತು. ಕಡುನೀಲಿ ಆಕಾಶ, ಹಸಿರು ಬೆಟ್ಟ, ಎರಡರ ನಡುವೆ ಕತ್ತರಿಯಲ್ಲಿ ಕತ್ತರಿಸಿದಂಥ ಅಂಚು.

ಮಾವ ಎದ್ದು ಹತ್ತಿರ ಹೋದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎಡತುದಿಯಿಂದ ಬಲತುದಿಯವರೆಗೆ ಅಂಚನ್ನು ನೋಡಿದರು. ಮತ್ತೆ ಬಲದಿಂದ ಎಡಕ್ಕೆ ನೋಡಿದರು. ಅಳಿಯನ ಎದೆ ಉಬ್ಬಿತು. ಎಂಟು ವರ್ಷದಲ್ಲಿ ತನ್ನ ಕೆಲಸದ ಅಂಚನ್ನು ಇಷ್ಟು ಹೊತ್ತು ನೋಡಿದವರೇ ಇರಲಿಲ್ಲ. ತಡೆಯಲಾರದೆ ಪಕ್ಕಕ್ಕೆ ಹೋಗಿ ನಿಂತ.

"ಹೇಗಿದೆ ಮಾವ?"

ಮಾವ ಸ್ವಲ್ಪ ಯೋಚಿಸಿದರು.

"ದೊಡ್ಡದಾಗಿದೆ" ಎಂದರು.

ಬಸ್ಸಿನಲ್ಲಿ ಮನೆಗೆ ವಾಪಸಾಗುವಾಗ ಹೆಂಡತಿ ಮೂರು ಸ್ಟಾಪು ಬಾಯಿ ಬಿಡಲಿಲ್ಲ. ಅವಳು ಒಂದು ಸ್ಟಾಪು ಸುಮ್ಮನಿದ್ದರೇ ಅದು ಸುದ್ದಿ. ನಾಲ್ಕನೇ ಸ್ಟಾಪಿನಲ್ಲಿ ಕೇಳಿದಳು:

"ಅಲ್ರೀ, ಅಪ್ಪನ ಗೋಡೆ ಏನಾಯ್ತು?"

"ಯಾವ ಗೋಡೆ?"

ಅವಳು ಅವನ ಮುಖವನ್ನೇ ನೋಡಿದಳು. "ಬೆಟ್ಟದ ಮೇಲೆ ಉದ್ದಕ್ಕೂ ಇದೆಯಲ್ಲ, ಬಿಳೀ ಮೋಟುಗೋಡೆ. ಅಪ್ಪ ಸುಣ್ಣ ಬಳೀತಾರಲ್ಲ. ನಿಮಗೆ ಗೊತ್ತಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಹೇಳಿದಳು.

ಟ್ಯಾಂಕಿನಿಂದ ಬೆಟ್ಟದ ಅಂಚಿನುದ್ದಕ್ಕೂ ಒಂದು ಕಾಲುವೆಯಂತೆ. ಒಂದು ಕಾಲದಲ್ಲಿ ಕೆಲಸಗಾರನೊಬ್ಬ ಮುಸ್ಸಂಜೆಯ ಮಬ್ಬಿನಲ್ಲಿ ಅಂಚು ಕಾಣದೆ ಕಾಲು ಜಾರಿ ಆಚೆ ಬಿದ್ದು ತೀರಿಹೋದನಂತೆ. ಆಮೇಲೆ ಇಲಾಖೆಯವರು ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಮೊಣಕಾಲೆತ್ತರದ ಗೋಡೆ ಕಟ್ಟಿಸಿ, ಮಬ್ಬಿನಲ್ಲೂ ಎದ್ದು ಕಾಣಲೆಂದು ಅದಕ್ಕೆ ಸುಣ್ಣ ಬಳಿಯಲು ಒಬ್ಬರನ್ನು ನೇಮಿಸಿದರಂತೆ. ಆ ಒಬ್ಬರು ಮಾವ. ಬಲತುದಿ ಮುಟ್ಟುವಷ್ಟರಲ್ಲಿ ಎಡತುದಿ ಮಾಸಿರುತ್ತದೆ. ಮತ್ತೆ ಅಲ್ಲಿಂದ ಶುರು. ಮೂವತ್ತೊಂದು ವರ್ಷ ಅದೇ ಕೆಲಸ. ಅಲ್ಲಿಂದೀಚೆಗೆ ಬೆಟ್ಟದಿಂದ ಒಬ್ಬರೂ ಬಿದ್ದಿಲ್ಲ.

"ನಾನು ಚಿಕ್ಕವಳಿದ್ದಾಗ ದಿನಾ ಊಟದ ಡಬ್ಬಿ ತಗೊಂಡು ಹೋಗ್ತಿದ್ದೆ. ಗೋಡೆ ಹಿಡ್ಕೊಂಡು ಹೋದ್ರೆ ಅಪ್ಪ ಸಿಕ್ಕೇ ಸಿಗ್ತಿದ್ರು" ಎಂದಳು ಹೆಂಡತಿ. "ನೀವೇನು ಮಾಡಿದ್ರಿ ಗೋಡೇನ?"

"ತೆಗೆದೆ."

"ಎಲ್ಲಾನೂ?"

"ಒಂದು ಚುಕ್ಕಿ ಬಿಡದೆ" ಎಂದ. ಅದನ್ನೇ ಮಾಲೀಕರಿಗೆ ಎಷ್ಟು ಹೆಮ್ಮೆಯಿಂದ ತೋರಿಸಿದ್ದನೋ ನೆನಪಾಗಿ ಕಿಟಕಿಯ ಕಡೆ ತಿರುಗಿದ. ನಾಚಿಕೆಯಿಂದ ಅವನಿಗೆ ಅಳು ಬರುವಂತಾಗಿತ್ತು. ಗೋಡೆ ಅಳಿಸಿದ್ದಕ್ಕಿಂತಲೂ, ಎಂಟು ವರ್ಷ ಅವರ ಕೈಯಿಂದ ಊಟದ ತಟ್ಟೆ ಇಸಿದುಕೊಂಡು ಆ ಕೈ ಏನು ಕೆಲಸ ಮಾಡುತ್ತದೆಂದು ಒಮ್ಮೆಯೂ ಕೇಳದೆ ಇದ್ದದ್ದು ಅವನನ್ನು ಚುಚ್ಚಿತು.

ಮರುದಿನ ಬೆಳಿಗ್ಗೆ ಮಾಲೀಕರಿಗಿಂತ ಮೊದಲೇ ಸ್ಟುಡಿಯೊ ಸೇರಿ ಮೂಲ ಚಿತ್ರ ತೆರೆದ. ಗೋಡೆ ಇದ್ದಲ್ಲೇ ಇತ್ತು. ಬಂಡೆಯ ಹಿಂದೆ ಅಡಗಿ ಆಚೆ ಹೊರಬರುತ್ತಿತ್ತು; ಒಂದು ಕಡೆ ಕಾಲುದಾರಿಗೆ ಜಾಗ ಬಿಟ್ಟಿತ್ತು. ಕಂಪ್ಯೂಟರಿನ ತಪ್ಪಿಗೆ ಬಂಡೆಗಳ ಮೇಲೆ ಇಷ್ಟು ಗೌರವ ಇರುವುದಿಲ್ಲವೆಂದು ಹೊಸದಾಗಿ ಸೇರಿದವರಿಗೂ ಗೊತ್ತು.

ಗೋಡೆಯನ್ನು ಹಾಗೇ ಬಿಟ್ಟುಕೊಡೋಣವೆಂದರೆ ಅದೂ ಸುಲಭವಾಗಿರಲಿಲ್ಲ. ಆಕಾಶಕ್ಕೆ ನೀಲಿ ಏರಿಸಿದ ಕೂಡಲೇ ಗೋಡೆಯ ತಲೆಯ ಮೇಲೆ ನಿಜವಾದ ಗೆರೆಯೂ ಎದ್ದಿತು. ಕೆಳಗೆ ಮಾವನ ಸುಣ್ಣ, ಮೇಲೆ ಮಾಸ್ಕಿನ ಎಡವಟ್ಟು, ಎರಡೂ ಬಿಳಿ, ಎರಡೂ ಕೂದಲಿನಷ್ಟು ತೆಳ್ಳಗೆ. ಸುಣ್ಣದ ಬಿಳುಪಿನಲ್ಲಿ ಚೂರು ಹಳದಿ ಇತ್ತು. ಎಡವಟ್ಟಿನ ಬಿಳುಪಿನಲ್ಲಿ ಚೂರು ನೀಲಿ ಇತ್ತು. ಗುರುತು ಅಷ್ಟೇ. ಎಂಟು ಪಟ್ಟು ಹಿಗ್ಗಿಸಿಕೊಂಡು, ಒಂದನ್ನು ಮುಟ್ಟದೆ ಇನ್ನೊಂದನ್ನು ತೆಗೆಯಲು ಐದು ದಿನ ಹಿಡಿಯಿತು. ಮಾಲೀಕರು ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ, ಬರೀ ನಿಟ್ಟುಸಿರು ಬಿಟ್ಟರು.

ನಾಲ್ಕನೇ ದಿನ ಒಂಟಿ ಮರದ ಹತ್ತಿರ ಬಂದಾಗ ಇನ್ನೊಂದು ಕಂಡಿತು. ಮರದ ಎಡಕ್ಕೆ, ಅಚ್ಚಾದ ಮೇಲೆ ಬೆರಳಗಲ ಆಗುವಷ್ಟು ಉದ್ದ, ಗೋಡೆ ಬಿಳಿಯಿರಲಿಲ್ಲ. ಬೂದಿ ಬಣ್ಣಕ್ಕೆ ತಿರುಗಿತ್ತು. ಬೆಳ್ಳಗೆ ಮಾಡಲು ಎರಡು ನಿಮಿಷ ಸಾಕು. ಅಭ್ಯಾಸಬಲದಿಂದ ಕೈ ಬ್ರಶ್ಶಿಗೆ ಹೋಯಿತು. ಅಷ್ಟರಲ್ಲಿ ಬಸ್ಸಿನ ನಾಲ್ಕನೇ ಸ್ಟಾಪು ನೆನಪಾಗಿ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಇದನ್ನು ಕೇಳದೆ ಮುಟ್ಟಬಾರದು ಎಂದುಕೊಂಡ. ಅವನ ಸರ್ವೀಸಿನಲ್ಲಿ ಹಾಗೆಂದುಕೊಂಡದ್ದು ಅದೇ ಮೊದಲು.

ಭಾನುವಾರ ಹೊಸ ಪ್ರಿಂಟನ್ನು ಸುರುಳಿ ಸುತ್ತಿ ಹೆಂಡತಿಯ ಜೊತೆ ಮಾವನ ಮನೆಗೆ ಹೋದ. ಅತ್ತೆ ಬಾಗಿಲು ತೆಗೆದು, ಒಳಗೆ ಕೇಳಿಸದಂತೆ ಹೇಳಿದರು:

"ಸದ್ಯ ಬಂದ್ರಲ್ಲ. ವಾರದಿಂದ ಸ್ಟೂಲ್ ಹಾಕ್ಕೊಂಡು ಆ ಫೋಟೋ ಮುಂದೇನೇ ಕೂತಿದಾರೆ. ಊಟಕ್ಕೆ ಕರೆದ್ರೆ ಸುಣ್ಣ ಒಣಗಲಿ ಅಂತಾರೆ."

ಹಾಲಿನ ಗೋಡೆಯ ಮೇಲೆ ಫೋಟೋ ತೂಗುತ್ತಿತ್ತು. ಅವನು ಎಂದಿನಂತೆ ಮೂಗು ತಾಗುವಷ್ಟು ಬಗ್ಗಿದ. ಬೆಟ್ಟದ ಅಂಚಿನುದ್ದಕ್ಕೂ, ಗಾಜಿನ ಮೇಲೆ, ಒಂದು ಬಿಳಿ ಗೆರೆ. ಮೂರ್ನಾಲ್ಕು ಕೂದಲಿನ ಬ್ರಶ್ಶಿನಿಂದ ಸುಣ್ಣದಲ್ಲಿ ಎಳೆದದ್ದು. ಟ್ಯಾಂಕಿನಿಂದ ಹೊರಟು, ಬಂಡೆಯ ಹಿಂದೆ ಅಡಗಿ, ಕಾಲುದಾರಿಗೆ ಜಾಗ ಬಿಟ್ಟು, ಒಂಟಿ ಮರದಾಚೆ ಹೋಗಿ ನಿಂತಿತ್ತು. ಮೂಲ ಚಿತ್ರವನ್ನು ವಾರವಿಡೀ ನೋಡಿದ್ದ ಭೂತಗನ್ನಡಿಗೆ ಗೆರೆಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಮಾವ ಎಲ್ಲವನ್ನೂ ನೆನಪಿನಿಂದ ಬರೆದಿದ್ದರು.

ಸಿಕ್ಕಿದ್ದು ಒಂದೇ. ಗೆರೆ ಗಾಜಿನ ಮೇಲಿತ್ತು, ಬೆಟ್ಟ ಗಾಜಿನ ಹಿಂದಿತ್ತು. ಅವನು ಸ್ವಲ್ಪ ನೆಟ್ಟಗಾದಾಗ ಗೋಡೆ ಬೆಟ್ಟವನ್ನು ಬಿಟ್ಟು ಕೆಳಗೆ ಜಾರಿತು.

"ನಿಂತು ನೋಡ್ಬಾರ್ದು" ಎಂದರು ಮಾವ, ಸ್ಟೂಲಿನಿಂದ ಏಳದೆ. "ನಿಂತ್ರೆ ಜಾರತ್ತೆ. ಇಲ್ಲಿ ಕೂತ್ರೆ ಸರಿಯಾಗತ್ತೆ. ಅದಕ್ಕೇ ಸ್ಟೂಲು ಇಲ್ಲಿ ಹಾಕಿದೀನಿ."

ಅವನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತ. "ತಪ್ಪಾಯ್ತು ಮಾವ. ಅದು ಗೋಡೆ ಅಂತ ಗೊತ್ತಾಗ್ಲಿಲ್ಲ. ಫೋಟೋದ ತಪ್ಪು ಅಂದ್ಕೊಂಡು ಅಳಿಸಿಬಿಟ್ಟೆ."

"ಎಷ್ಟು ದಿನ ಆಯ್ತು ಅಳಿಸೋಕೆ?"

"ಮೂರು ದಿನ."

ಮಾವ ತಲೆಯಾಡಿಸಿದರು. "ಬೇಗ ಆಯ್ತು" ಎಂದರು.

ಅವನು ಹೊಸ ಪ್ರಿಂಟನ್ನು ನೆಲದ ಮೇಲೆ ಬಿಚ್ಚಿ ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟ. ಮಾವ ಕನ್ನಡಕ ಹಾಕಿಕೊಂಡು ನೆಲಕ್ಕೆ ಇಳಿದರು. ತೋರುಬೆರಳನ್ನು ಕಾಗದಕ್ಕೆ ತಾಗಿಸದೆ, ಗೋಡೆಯ ಜೊತೆ ಜೊತೆಗೇ ನಡೆಸಿಕೊಂಡು ಹೋದರು. ಬಂಡೆ ದಾಟಿತು. ಕಾಲುದಾರಿ ದಾಟಿತು. ಒಂಟಿ ಮರದ ಎಡಕ್ಕೆ ಬಂದು ಬೆರಳು ನಿಂತಿತು.

ಅತ್ತೆ ಟೀ ತಂದು ಇಟ್ಟರು. ಬೆರಳು ಅಲ್ಲೇ ಇತ್ತು.

"ಇದು ಕಾಣತ್ತಾ?" ಎಂದು ಮಾವ ಮೆಲ್ಲಗೆ ಕೇಳಿದರು.

"ಕಾಣತ್ತೆ ಮಾವ. ಬೆಳ್ಳಗೆ ಮಾಡಬಹುದಿತ್ತು. ನಿಮ್ಮನ್ನ ಕೇಳದೆ ಮುಟ್ಟೋದು ಬೇಡ ಅಂತ ಹಾಗೇ ಬಿಟ್ಟೆ."

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ನಲವತ್ತು ಅಡಿ" ಎಂದರು. "ಕೊನೇ ಸುತ್ತಲ್ಲಿ ಮಂಡಿ ಹಿಡ್ಕೊಂಡ್ತು. ಕೂರೋಕೂ ಆಗ್ಲಿಲ್ಲ, ಏಳೋಕೂ ಆಗ್ಲಿಲ್ಲ. ಅಷ್ಟು ಬಿಟ್ಟು ಇಳಿದುಬಿಟ್ಟೆ. ನಿಮ್ಮತ್ತೆಗೂ ಹೇಳಿಲ್ಲ. ಎಂಜಿನಿಯರ್ ಬಂದು ನೋಡಿ ಎಲ್ಲಾ ಸರಿ ಇದೆ ಅಂತ ಸೈನ್ ಹಾಕಿ ಹೋದ್ರು. ಯಾರಿಗೆ ಕಾಣತ್ತೆ ಅಂದ್ಕೊಂಡಿದ್ದೆ."

ಗಾಜಿನ ಮೇಲಿನ ಗೋಡೆಯಲ್ಲಿ ಆ ಜಾಗ ಮಾಸಿರಲಿಲ್ಲ ಎಂಬುದು ಅಳಿಯನಿಗೆ ಆಗ ಹೊಳೆಯಿತು. ಅಲ್ಲಿ ಮಾವ ಎರಡು ಸಲ ಬಳಿದಿದ್ದರು.

"ಮೂವತ್ತೊಂದು ವರ್ಷದಲ್ಲಿ ಇಷ್ಟು ಹತ್ತಿರದಿಂದ ನೋಡಿದ್ದು ನೀವೊಬ್ರೇ" ಎಂದರು ಮಾವ. ಅವಸರದಲ್ಲಿ ಟೀ ಕುಡಿದು ನಾಲಿಗೆ ಸುಟ್ಟುಕೊಂಡರು.

"ಎರಡು ನಿಮಿಷದ ಕೆಲಸ. ನಾಳೇನೇ ಬೆಳ್ಳಗೆ ಮಾಡಿ ಬೇರೆ ಪ್ರಿಂಟ್ ತರ್ತೀನಿ" ಎಂದ ಅಳಿಯ.

"ಬೇಡ."

"ಯಾಕೆ ಮಾವ?"

"ಕಾಗದದ ಮೇಲೆ ಯಾರು ಬೀಳ್ತಾರೆ? ಬೀಳೋದು ಅಲ್ಲಿ."

ಮುಂದಿನ ಭಾನುವಾರ ಇಬ್ಬರೂ ಬೆಟ್ಟ ಹತ್ತಿದರು. ಬಕೆಟ್ಟು, ಬ್ರಶ್ಶು, ಸುಣ್ಣ ಎಲ್ಲವೂ ಅಳಿಯನ ಕೈಯಲ್ಲಿ. ಮಾವನ ಕೈಯಲ್ಲಿ ಒಂದು ಊರುಗೋಲು ಮತ್ತು ಬಟ್ಟೆ ಸುತ್ತಿದ ಯಾವುದೋ ಚಪ್ಪಟೆ ವಸ್ತು. ಗೇಟಿನ ಕಾವಲುಗಾರ ಹೊಸಬ, ಎಂಜಿನಿಯರಿಗೆ ಫೋನ್ ಮಾಡಿ ಕೇಳಿಯೇ ಒಳಗೆ ಬಿಟ್ಟ.

ಮಾವ ಒಂಟಿ ಮರದ ಬುಡದಲ್ಲಿ ಕೂತರು. ಅಳಿಯ ಮಂಡಿಯೂರಿ ಬಳಿಯಲು ಶುರುಮಾಡಿದ. ಹತ್ತು ಅಡಿ ಆಗುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಮೂವತ್ತೊಂದು ವರ್ಷವನ್ನು ಈ ಹತ್ತು ಅಡಿಯಿಂದ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟ.

"ಅಂಚು ನೋಡ್ಕೊಳ್ಳಿ" ಎಂದರು ಮಾವ ಕೂತಲ್ಲಿಂದಲೇ.

ಬಗ್ಗಿ ನೋಡಿದ. ಗೋಡೆಯ ಬುಡದಲ್ಲಿ ಸುಣ್ಣ ಹುಲ್ಲಿನ ಮೇಲೆ ಹರಡಿ, ಹತ್ತು ಅಡಿ ಉದ್ದಕ್ಕೂ ಒಂದು ಬಿಳಿ ಗೆರೆ ಬಿದ್ದಿತ್ತು. ಗೆರೆ ಅಳಿಸಿಯೇ ಹೆಸರು ಮಾಡಿದವನು ತಾನೇ ಎಳೆದ ಗೆರೆಯನ್ನು ನೋಡಿ ಬ್ರಶ್ಶು ಕೆಳಗಿಟ್ಟ. ಮಾವ ಬಟ್ಟೆ ಬಿಚ್ಚಿ, ಅಂಚು ಸವೆದ, ಸುಣ್ಣ ಮೆತ್ತಿ ಮೆತ್ತಿ ದಪ್ಪಗಾದ ಒಂದು ತಗಡಿನ ತುಂಡನ್ನು ಹೊರತೆಗೆದರು.

"ಇದನ್ನ ಗೋಡೆ ಬುಡಕ್ಕೆ ಒತ್ತಿ ಹಿಡ್ಕೊಳ್ಳಿ. ಕೂದಲಷ್ಟೂ ಸಂದು ಬಿಡ್ಬಾರ್ದು. ಬಳಿದ ಹಾಗೇ ಜರುಗಿಸ್ಕೊಂಡು ಹೋಗಿ."

ಅವನು ತಗಡನ್ನು ತಿರುಗಿಸಿ ತಿರುಗಿಸಿ ನೋಡಿದ. "ನಮ್ಮಲ್ಲಿ ಇದಕ್ಕೆ ಮಾಸ್ಕ್ ಅಂತೀವಿ ಮಾವ."

"ನಾವು ತಗಡು ಅಂತೀವಿ."

ಉಳಿದ ಮೂವತ್ತು ಅಡಿಗೆ ಮಧ್ಯಾಹ್ನ ಮೂರು ಗಂಟೆಯಾಯಿತು. ಅವನು ಸಂದು ಸಂದಿಗೂ ನಿಂತು, ತಗಡು ಸರಿಪಡಿಸಿ, ಬಗ್ಗಿ ನೋಡಿ, ಮತ್ತೆ ಬಳಿಯುತ್ತಿದ್ದ. ಮೊದಲ ಹತ್ತು ಅಡಿಯ ಹುಲ್ಲನ್ನೂ ಒದ್ದೆ ಬಟ್ಟೆಯಿಂದ ಎಸಳೆಸಳಾಗಿ ಒರೆಸಿದ. ಅಷ್ಟೂ ಹೊತ್ತು ಮಾವ ನೋಡುತ್ತಿದ್ದರು. ಕೊನೆಗೆ ಎದ್ದು ಬಂದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಲವತ್ತು ಅಡಿಯ ಅಂಚನ್ನು ಎಡದಿಂದ ಬಲಕ್ಕೆ ನೋಡಿದರು. ಬಲದಿಂದ ಎಡಕ್ಕೆ ನೋಡಿದರು. ತಗಡನ್ನು ಬಟ್ಟೆಯಲ್ಲಿ ಸುತ್ತಿ, ತಾವು ಇಟ್ಟುಕೊಳ್ಳದೆ, ಅಳಿಯನ ಬಕೆಟ್ಟಿನೊಳಗೆ ಇಟ್ಟರು.

ಇಳಿದು ಬಂದಾಗ ಕಾವಲುಗಾರ ತಲೆಯಿಂದ ಕಾಲಿನವರೆಗೆ ಬಿಳಿಯಾಗಿದ್ದ ಅಳಿಯನನ್ನು ನೋಡಿ ನಗು ತಡೆದುಕೊಂಡು ಕೇಳಿದ, "ಯಾರು ಯಜಮಾನ್ರೇ ಇವ್ರು? ನಿಮ್ಮ ಜಾಗಕ್ಕೆ ಬಂದೋರಾ?"

"ನಮ್ಮ ಅಳಿಯ."

"ಏನು ಕೆಲಸ ಮಾಡ್ತಾರೆ?"

ಕಂಪ್ಯೂಟರ್ ಮುಂದೆ ಕೂರ್ತಾರೆ ಎಂಬ ಮಾತಿಗೆ ಅಳಿಯ ಕಿವಿಯನ್ನು ಸಿದ್ಧಮಾಡಿಕೊಂಡ. ಮಾವ ಊರುಗೋಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡರು.

"ಅಂಚಿನ ಕೆಲಸ" ಎಂದರು. "ಕೈ ಸ್ವಲ್ಪ ನಿಧಾನ. ಆದ್ರೆ ನೋಡಿ ಮಾಡ್ತಾರೆ."

ಕಾವಲುಗಾರ ಗೇಟು ತೆಗೆದ.